ಕೊಹಿಮಾದಿಂದ ತಂದ ಎಲೆ ಪೊಟ್ಟಣ

ನಾಗಾಲ್ಯಾಂಡಿಗೆ ಹೋಗಿ ಬಂದೆ ಅಂದ ಕೂಡಲೇ ಹನ್ನೊಂದು ಜನ ಒಂದೇ ಪ್ರಶ್ನೆ ಕೇಳಿದರು. ಎಣಿಸಿಟ್ಟಿದ್ದೇನೆ. "ಅಲ್ಲಿ ನಾಯಿ ತಿಂತಾರಂತೆ, ಹೌದಾ?" ಹನ್ನೆರಡನೆಯವರು ನಮ್ಮ ಅತ್ತೆ. ಅವರು ಮಾತ್ರ "ಚಳಿ ಇತ್ತೇನೇ? ಸ್ವೆಟರ್ ಹಾಕ್ಕೊಂಡಿದ್ಯಾ?" ಅಂದರು.

ನಾವು ಹೋಗಿದ್ದು ಮಾರ್ಚಿನಲ್ಲಿ, ಮೂರೇ ದಿನಕ್ಕೆ. ಡಿಸೆಂಬರ್ ಮೊದಲ ಹತ್ತು ದಿನ ರಾಜಧಾನಿ ಕೊಹಿಮಾ ಹತ್ತಿರದ ಕಿಸಾಮಾದಲ್ಲಿ ಹಾರ್ನ್‌ಬಿಲ್ ಹಬ್ಬ ಇರುತ್ತದೆ, ಎಲ್ಲರೂ ಆಗಲೇ ಹೋಗುವುದು. ನನಗೆ ಅದು ಬೇಡವಿತ್ತು. ಹಬ್ಬಕ್ಕೆ ಹೋದರೆ ಗರಿ ಮುಡಿದು ಕುಣಿಯುವವರನ್ನು ನೋಡುತ್ತೀರಿ. ಅದೇ ಜನ ಸೋಮವಾರ ಬೆಳಿಗ್ಗೆ ತರಕಾರಿ ಚೌಕಾಸಿ ಮಾಡುವುದನ್ನು ನೋಡಬೇಕಾದರೆ ಸುಮ್ನೆ ಒಂದು ಮಾಮೂಲಿ ವಾರದಲ್ಲಿ ಹೋಗಬೇಕು.

ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕು. 1873ರಲ್ಲಿ ಬ್ರಿಟಿಷರು ಮಾಡಿದ ಕಾನೂನು, ಈಗ ಆನ್‌ಲೈನಲ್ಲಿ ಸಿಗುತ್ತದೆ. ದಿಮಾಪುರದವರೆಗೆ ವಿಮಾನ. ಅಲ್ಲಿಂದ ಕೊಹಿಮಾಕ್ಕೆ 70 ಚಿಲ್ಲರೆ ಕಿಲೋಮೀಟರ್ ಸುಮೋದಲ್ಲಿ, ಎಂಟು ಜನರ ಜೊತೆ ಮೊಣಕಾಲು ಮಡಚಿಕೊಂಡು.

ತಲುಪಿದ್ದು ಶನಿವಾರ ಸಂಜೆ. ನಮ್ಮ ದಡ್ಡತನ ಶುರುವಾಗಿದ್ದೇ ಅಲ್ಲಿ. ಮಾರನೇ ದಿನ ಭಾನುವಾರ, ಊರಿಗೆ ಊರೇ ಬಾಗಿಲು ಹಾಕಿದೆ! ಹೋಟೆಲಿಲ್ಲ, ಟ್ಯಾಕ್ಸಿ ಇಲ್ಲ, ಒಂದು ಬಿಸ್ಕೆಟ್ ಪೊಟ್ಟಣಕ್ಕೂ ಅಂಗಡಿಯಿಲ್ಲ. ಗುಡ್ಡದ ಮೇಲಿಂದ ಕೆಳಗಿನವರೆಗೆ ಚರ್ಚುಗಳ ಹಾಡು ಮಾತ್ರ. ನಮ್ಮ ಹೋಮ್‌ಸ್ಟೇ ಆಂಟಿ ಪ್ರಾರ್ಥನೆ ಮುಗಿಸಿ ಬಂದು, ನಾವು ಪೆಚ್ಚಾಗಿ ಕೂತಿದ್ದು ನೋಡಿ, ಅಡುಗೆಮನೆಗೆ ಕರೆದರು.

ಆ ಅಡುಗೆಮನೆ ನನಗೆ ಗೊತ್ತಿತ್ತು. ಅಂದರೆ, ತೀರ್ಥಹಳ್ಳಿ ಕಡೆಯ ನನ್ನ ಅಜ್ಜಿಮನೆಯದ್ದೇ ಅದು. ಕರ್ರಗಿನ ಗೋಡೆ, ನೆಲದ ಮೇಲೆ ಸೌದೆ ಒಲೆ, ಒಲೆ ಮೇಲೆ ತೂಗುಬಿಟ್ಟ ಬಿದಿರಿನ ತಟ್ಟಿ. ಅಜ್ಜಿಯ ತಟ್ಟಿಯಲ್ಲಿ ವಾಟೆಹುಳಿ, ಹಲಸಿನ ಬೀಜ ಇರುತ್ತಿದ್ದವು. ಇಲ್ಲಿ ಹಂದಿ ಮಾಂಸ. ವಾರಗಟ್ಟಲೆ ಹೊಗೆ ಕುಡಿದು ಕಂದು ಬಣ್ಣಕ್ಕೆ ತಿರುಗಿದ್ದು.

ಆಂಟಿ ಗಾಲ್ಹೊ ಮಾಡಿದರು. ಅಂಗಾಮಿ ನಾಗಾಗಳ ಮನೆ ಊಟ. ಅಕ್ಕಿ, ನಾಲ್ಕೈದು ಥರ ಸೊಪ್ಪು, ಹೊಗೆಮಾಂಸದ ಚೂರು, ಎಲ್ಲ ಒಟ್ಟಿಗೆ ಬೆಂದು ಗಂಜಿಗೂ ಬಿಸಿಬೇಳೆಬಾತಿಗೂ ನಡುವಿನ ಹದಕ್ಕೆ ಬಂದಿರುತ್ತದೆ. ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ, ಮಸಾಲೆ ಡಬ್ಬಿಯ ಸುದ್ದಿಯೇ ಇಲ್ಲ. ಕೊನೆಗೆ ಅದಕ್ಕೆ ಒಂದು ಚಮಚ ಅಖುನಿ ಬಿತ್ತು. ಸೋಯಾ ಕಾಳನ್ನು ಬೇಯಿಸಿ, ಎಲೆಯಲ್ಲಿ ಸುತ್ತಿ, ಒಲೆ ಹತ್ತಿರ ಕೆಲವು ದಿನ ಹುಳಿ ಬರಿಸಿ ಜಜ್ಜಿದರೆ ಅಖುನಿ. ಮೂಲತಃ ಸುಮಿ ನಾಗಾಗಳದ್ದು, ಈಗ ಎಲ್ಲರ ಮನೆಯಲ್ಲೂ ಇದೆ. ವಾಸನೆ? ಇದೆ. ಜೋರಾಗಿಯೇ ಇದೆ. ಒಣಮೀನು ಸುಡುವಾಗ ಬರುವಷ್ಟು ಜೋರು. ಬಾಯಿಗಿಟ್ಟ ಮೇಲೆ ಮಾತ್ರ ನಾನು ಮಾತು ನಿಲ್ಲಿಸಿದೆ. ಎರಡನೇ ಸಲ ಬಡಿಸಿಕೊಳ್ಳುವಾಗ ನಮ್ಮ ಮನೆಯವರು ಮುಖ ನೋಡಿದರು.

ಅಂದು ಮಧ್ಯಾಹ್ನ ಆಂಟಿಯ ಅಣ್ಣನ ಮಗ ಬಂದಿದ್ದ. ಬೆಂಗಳೂರು ಅಂದಿದ್ದೇ ನಕ್ಕ. ಅವನು ಬೆಂಗಳೂರಿನಲ್ಲಿ ಎರಡು ವರ್ಷ ಇದ್ದನಂತೆ. 2012ರ ಆಗಸ್ಟಿನಲ್ಲಿ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅನ್ನುವ ಸುಳ್ಳುಸುದ್ದಿ ಹಬ್ಬಿ, ಅಲ್ಲಿನ ಹುಡುಗರು ಗುಂಪು ಗುಂಪಾಗಿ ಗುವಾಹಟಿ ರೈಲು ಹತ್ತಿದರಲ್ಲ, ಆ ಗುಂಪಿನಲ್ಲಿ ಇವನೂ ಇದ್ದ. ವಾಪಸ್ ಬರಲಿಲ್ಲ. "ಕನ್ನಡ ನೆನಪಿದೆಯಾ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಸ್ಪಷ್ಟವಾಗಿ ಹೇಳಿದ: "ವಾಸನೆ."

ಅಖುನಿ ಮಾಡಿದಾಗಲೆಲ್ಲ ಓನರ್ ಹೆಂಡತಿ ಬಾಗಿಲು ತಟ್ಟಿ ಹೇಳುತ್ತಿದ್ದ ಮಾತಂತೆ. ಆಮೇಲಾಮೇಲೆ ಅವನು, ಅವನ ರೂಮ್‌ಮೇಟುಗಳು ಓನರ್ ಊರಿಗೆ ಹೋದ ಭಾನುವಾರ ಮಾತ್ರ ಅಖುನಿ ಮಾಡುತ್ತಿದ್ದರಂತೆ. ಅವನು ತಮಾಷೆಯಾಗಿಯೇ ಹೇಳಿದ. ನನಗೆ ನಗು ಬರಲಿಲ್ಲ. ಯಾಕಂದರೆ ನಾವೂ ಬಾಡಿಗೆ ಮನೆಯವರು. ಒಣಸೀಗಡಿ ಹುರಿಯುವಾಗ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚುವವರು. ಆದರೂ ನಮ್ಮನ್ನು ಯಾರೂ ರೈಲು ಹತ್ತಿಸಲಿಲ್ಲ.

ಸೋಮವಾರ ಗ್ಯಾರಿಸನ್ ಹಿಲ್‌ನ ಯುದ್ಧ ಸ್ಮಶಾನ ನೋಡಿದೆವು. ಎರಡನೇ ಮಹಾಯುದ್ಧದಲ್ಲಿ, 1944ರ ಏಪ್ರಿಲಿನಿಂದ ಜೂನ್‌ವರೆಗೆ, ಜಪಾನೀಯರೂ ಬ್ರಿಟಿಷರೂ ಕೊಹಿಮಾಕ್ಕಾಗಿ ಕಾದಾಡಿದ್ದರು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಡುವೆ ಒಂದು ಅಂಗಳದಷ್ಟೇ ಜಾಗ. ಅದರ ಬಿಳಿ ಗೆರೆಗಳನ್ನು ಇವತ್ತಿಗೂ ಸಿಮೆಂಟಿನಲ್ಲಿ ಉಳಿಸಿದ್ದಾರೆ. 2013ರಲ್ಲಿ ಬ್ರಿಟನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ತನ್ನ ದೇಶದ ಅತಿ ದೊಡ್ಡ ಕದನ ಯಾವುದು ಅಂತ ಮತ ಹಾಕಿಸಿದಾಗ ವಾಟರ್‌ಲೂ ಅಲ್ಲ, ಇಂಫಾಲ್-ಕೊಹಿಮಾ ಗೆದ್ದಿತು. ನಮ್ಮ ಶಾಲೆಯ ಪಾಠದಲ್ಲಿ ಇದಕ್ಕೆ ಒಂದು ಸಾಲಾದರೂ ಇತ್ತಾ? ನನಗಂತೂ ನೆನಪಿಲ್ಲ. ಜಪಾನೀಯರ ಜೊತೆ ಆಜಾದ್ ಹಿಂದ್ ಫೌಜ್ ಬಂದಿತ್ತು, ಬ್ರಿಟಿಷರ ಪರವೂ ಭಾರತೀಯರೇ ಹೆಚ್ಚು. ಇಲ್ಲಿ 1,400ಕ್ಕೂ ಜಾಸ್ತಿ ಸಮಾಧಿಗಳಿವೆ. ಮೇಲಿನ ಮೆಟ್ಟಿಲಲ್ಲಿ ದಹನವಾದ 917 ಹಿಂದೂ, ಸಿಖ್ ಸೈನಿಕರ ಸ್ಮಾರಕ ಇದೆ. ಎಲ್ಲರೂ ಕೆಳಗೆ, "ನಿಮ್ಮ ನಾಳೆಗಾಗಿ ನಮ್ಮ ಇವತ್ತನ್ನು ಕೊಟ್ಟೆವು" ಎಂಬ ಪ್ರಸಿದ್ಧ ಸಾಲಿನ ಕಲ್ಲಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೇಲೆ ನಾವಿಬ್ಬರೇ.

ಆಂಟಿ ರಾತ್ರಿ ಹೇಳಿದ್ದು ಒಂದೇ ಮಾತು. ಅದು ನಮ್ಮ ಯುದ್ಧ ಆಗಿರಲಿಲ್ಲ, ಮನೆ ಮಾತ್ರ ನಮ್ಮದಿತ್ತು ಅಂತ. ನಾಗಾಗಳು ಗಾಯಾಳುಗಳನ್ನು ಹೊತ್ತರು, ದಾರಿ ತೋರಿಸಿದರು, ಬೆಟ್ಟದ ಮೇಲೆ ಮದ್ದುಗುಂಡು ಸಾಗಿಸಿದರು. ಹಳ್ಳಿಗಳು ಸುಟ್ಟುಹೋದವು.

ಕೊನೆಯ ದಿನ ಖೊನೊಮಾ. ಕೊಹಿಮಾದಿಂದ 20 ಕಿಲೋಮೀಟರ್, ಬೆನ್ನು ನೋವಿಗೆ 50 ಅಂದುಕೊಳ್ಳಿ. 1879ರಲ್ಲಿ ಡಾಮಂಟ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿಗೆ ಬಂದು, ಊರ ಬಾಗಿಲಲ್ಲೇ ಗುಂಡಿಗೆ ಬಲಿಯಾದ. ಸೇನೆ ಬಂದು ಮುತ್ತಿಗೆ ಹಾಕಿತು, ಮರುವರ್ಷದವರೆಗೂ ಕಾದಾಟ ನಡೆಯಿತು. ಅಂಥ ಬೇಟೆಗಾರರ ಊರು 1998ರಲ್ಲಿ ಕೂತು ಮಾತಾಡಿ, ತಾನೇ ಬೇಟೆ ನಿಲ್ಲಿಸಿ, ಟ್ರಾಗೋಪಾನ್ ಹಕ್ಕಿಗಾಗಿ ಕಾಡು ಬಿಟ್ಟುಕೊಟ್ಟಿತು. ನನಗೆ ಇನ್ನೂ ಇಷ್ಟವಾಗಿದ್ದು ಹೊಲದ ನಡುವಿನ ಆಲ್ಡರ್ ಮರಗಳು. ಕಡಿಯುವುದಿಲ್ಲ, ತಲೆ ಮಾತ್ರ ಸವರುತ್ತಾರೆ. ಮತ್ತೆ ಚಿಗುರುತ್ತದೆ, ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ. ನಮ್ಮ ಕಡೆಯ ಸೊಪ್ಪಿನ ಬೆಟ್ಟ ನೋಡಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಮಾರುಕಟ್ಟೆ ಬಗ್ಗೆ ಎಲ್ಲರೂ ರೀಲ್ಸ್ ಮಾಡಿದ್ದಾರೆ, ಹುಳು ಹಿಡಿದು "ಅಯ್ಯೋ" ಅಂತ ಕಿರುಚಿದ್ದಾರೆ. ಬಸವನಹುಳು, ರೇಷ್ಮೆಹುಳು ಎಲ್ಲ ಇವೆ, ನಿಜ. ಬೇಲಿಯ ಮರದಿಂದ ಕೆಂಪಿರುವೆ ಗೂಡು ಕಿತ್ತು ಚಗಳಿ ಚಟ್ನಿ ತಿಂದ ನಮ್ಮ ಊರಿನವರು ಅದಕ್ಕೆ ಕಿರುಚಿದರೆ ಅಜ್ಜಿ ಬಡಿಯುತ್ತಿದ್ದಳು. ಕಳಲೆ ಕಂಡು ನಾನು ಮಾತ್ರ ಮನೆಗೆ ಬಂದಂತೆ ಹಿಗ್ಗಿದೆ. ನಮ್ಮ ಮನೆಯವರು ಸೂಜಿಮೆಣಸು ತಿಂದ ಧೈರ್ಯದಲ್ಲಿ ರಾಜಾ ಮಿರ್ಚಾ ಚಟ್ನಿಗೆ ಬೆರಳದ್ದಿದರು. ಮುಂದಿನ ಅರ್ಧ ಗಂಟೆಯ ವಿವರ ಬರೆಯಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾರೆ.

ಹೊರಡುವಾಗ ಆಂಟಿ ಒಂದು ಎಲೆ ಪೊಟ್ಟಣ ಕೈಗಿಟ್ಟರು. ಅಖುನಿ. ಮೂರು ಕವರ್ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ಸೂಟ್‌ಕೇಸಿನ ತಳಕ್ಕೆ ತಳ್ಳಿ ತಂದೆ. ಒಂದು ಸ್ವೆಟರ್ ಇನ್ನೂ ಅದೇ ವಾಸನೆ ಹೊಡೆಯುತ್ತಿದೆ.

ಇವತ್ತು ಭಾನುವಾರ. ನಮ್ಮ ಓನರ್ ಬೆಳಿಗ್ಗೆ ಕಾರಿಗೆ ಬ್ಯಾಗ್ ತುಂಬುತ್ತಿದ್ದರು. ಗೇಟ್ ದಾಟುವವರೆಗೂ ಬಾಲ್ಕನಿಯಲ್ಲಿ ನಿಂತು ನೋಡಿದೆ. ಈಗ ಒಲೆ ಹಚ್ಚಿದ್ದೇನೆ.