ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರೆ ರಿಪೇರಿ ಆಯ್ತಾ?

ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂದೊಂದು ಸಣ್ಣ ಶೆಡ್ಡು ಇದೆ. ಇಪ್ಪತ್ತೆರಡು ವರ್ಷದಿಂದ ಬಸ್ಸು, ಟೆಂಪೊ, ಸ್ಕೂಲ್ ವ್ಯಾನುಗಳ ಬಾಗಿಲು ಕೆಲಸ ಮಾಡುತ್ತಿದ್ದೇನೆ. ಕೀಲು, ಲಾಕು, ಹ್ಯಾಂಡಲ್ಲು, ರಬ್ಬರ್ ಬೀಡಿಂಗು. ಇಂಜಿನ್ ಮುಟ್ಟಲ್ಲ. ಸುತ್ತಮುತ್ತಲ ಡ್ರೈವರುಗಳು ನನ್ನನ್ನು ಕರೆಯೋದೇ ‘ಡೋರಣ್ಣ’ ಅಂತ. ಇಂಥವನು ವಿಮಾನದ ಬಾಗಿಲಿನ ಬಗ್ಗೆ ಇಷ್ಟುದ್ದ ಬರೆದಿದ್ದಾನಲ್ಲ ಅಂತ ನಗಬೇಡಿ. ಅದಕ್ಕೆ ಕಾರಣ ನಮ್ಮಕ್ಕನ ಮಗ.

ಗುಬ್ಬಿ ಹತ್ತಿರ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯಿತಲ್ಲ, ಅಲ್ಲಿಂದ ಇವನಿಗೆ ಹುಚ್ಚು ಹಿಡಿಯಿತು. ಈಗ ಬೆಂಗಳೂರಿನಲ್ಲಿ ವಿಮಾನ ರಿಪೇರಿ ಓದುತ್ತಿದ್ದಾನೆ. ಹೋದ ತಿಂಗಳು ಅವನ ಕಾಲೇಜಿಗೆ ಹೋಗಿದ್ದೆ. ಹುಡುಗರು ಬಿಚ್ಚಿ ಜೋಡಿಸಿ ಕಲಿಯಲಿ ಅಂತ ಸೆಸ್ನಾ ಕಂಪನಿಯ ಒಂದು ಹಳೇ ಸಣ್ಣ ವಿಮಾನ ನಿಲ್ಲಿಸಿಕೊಂಡಿದ್ದಾರೆ. ಹಾರಲ್ಲ. ನಾಲ್ಕು ಸೀಟಿನದು. ಎಲ್ಲರೂ ಇಂಜಿನ್ ನೋಡುತ್ತಿದ್ದರೆ ನನ್ನ ಕೈ ಸೀದಾ ಬಾಗಿಲಿಗೆ ಹೋಯಿತು.

ಅಬ್ಬಾ, ಎಷ್ಟು ಹಗುರ! ಓಮ್ನಿ ಬಾಗಿಲೇ ಇದಕ್ಕಿಂತ ಭಾರ. ತೆಳು ತಗಡು, ಒಳಗೆ ಪ್ಲಾಸ್ಟಿಕ್ ಹೊದಿಕೆ, ಕೈ ಇಡೋ ಜಾಗದಲ್ಲಿ ಒಂದು ಹಿಡಿ. ಆ ಹಿಡಿಗೆ ಮೂರು ಸ್ಥಾನ. ತೆರೆ, ಮುಚ್ಚು, ಲಾಕ್. ಮುಚ್ಚಿದ ಮೇಲೆ ಹಿಡಿಯನ್ನು ಮುಂದಕ್ಕೆ ಒತ್ತಿ ಪೂರ್ತಿ ಮಲಗಿಸಬೇಕು, ಆಗ ಲಾಕ್. ಅರ್ಧಕ್ಕೆ ಬಿಟ್ಟರೂ ಬಾಗಿಲು ಮುಚ್ಚಿದ ಹಾಗೇ ಕಾಣುತ್ತದೆ. ನಾನು ಹತ್ತು ಸಲ ಹಾಕಿ ತೆಗೆದೆ. ಆ ಲಾಕಿನ ನಾಲಿಗೆಯ ಅಂಚು ಸವೆದು ದುಂಡಗಾಗಿತ್ತು. ನಮ್ಮ ಶೆಡ್ಡಿಗೆ ದಿನಾ ಬರೋ ಕಾಯಿಲೆಯೇ ಅದು.

“ಇದು ಮೇಲೆ ಹೋದಾಗ ತೆಗೆದುಕೊಂಡರೆ ಏನೋ ಗತಿ?” ಅಂದೆ.

“ಏನೂ ಆಗಲ್ಲ ಮಾವ” ಅಂದ. ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ.

ಸುಳ್ಳಲ್ಲ. ದೊಡ್ಡ ವಿಮಾನದೊಳಗೆ ಗಾಳಿ ತುಂಬಿ ಒತ್ತಡ ಇಟ್ಟಿರುತ್ತಾರೆ, ಬಲೂನಿನ ಹಾಗೆ. ಅಲ್ಲಿ ಬಾಗಿಲು ಕಿತ್ತುಹೋದರೆ ಅನಾಹುತ. ಇಂಥ ಸಣ್ಣ ವಿಮಾನದಲ್ಲಿ ಒಳಗೂ ಹೊರಗೂ ಒಂದೇ ಗಾಳಿ. ಲಾಕು ಬಿಟ್ಟುಕೊಂಡರೆ ಬಾಗಿಲು ಒಂದೆರಡು ಇಂಚು ತೆರೆದು, ಮುಂದಿನಿಂದ ಬರೋ ಗಾಳಿಗೆ ಅಲ್ಲೇ ನಿಂತುಬಿಡುತ್ತದೆ. ಸದ್ದು ಭಯಂಕರ. ನಕ್ಷೆ ಕಾಗದ ಹಾರುತ್ತದೆ. ಆದರೆ ವಿಮಾನ ಹಾರುತ್ತಲೇ ಇರುತ್ತದೆ. ಹಾಗೆ ತೆರೆದು ಜನ ಸತ್ತಿದ್ದು ಹೇಗೆ ಗೊತ್ತಾ? ಪೈಲಟ್ ಗಾಬರಿಯಾಗಿ ಒಂದು ಕೈಯಲ್ಲಿ ಬಾಗಿಲು ಎಳೆಯೋಕೆ ಹೋಗಿ, ವಿಮಾನ ಕೈ ತಪ್ಪಿ. ಅದಕ್ಕೇ ಕಲಿಸುವಾಗ ಮೊದಲ ಪಾಠ: ಬಾಗಿಲು ಬಿಡು, ವಿಮಾನ ಹಿಡಿ. ಸುತ್ತು ಹಾಕಿ ಇಳಿದು ಆಮೇಲೆ ಮುಚ್ಚು.

ಪೈಪರ್ ಚೆರೋಕಿ ಅಂತ ಇನ್ನೊಂದು. ನಾಲ್ಕು ಜನಕ್ಕೆ ಒಂದೇ ಬಾಗಿಲು, ಬಲಗಡೆ, ರೆಕ್ಕೆ ಮೇಲೆ. ಅದಕ್ಕೆ ಪಕ್ಕದಲ್ಲಿ ಒಂದು ಲಾಕು, ತಲೆ ಮೇಲೆ ಒಂದು. ಮೇಲಿನದು ಹಾಕೋದು ಮರೆಯುತ್ತಾರೆ. ಮರೆತರೆ ತನಿಖೆಯಲ್ಲಿ ‘ಪೈಲಟ್ ಸರಿಯಾಗಿ ಮುಚ್ಚಿರಲಿಲ್ಲ’ ಅಂತ ಬರೆಯುತ್ತಾರೆ. ಸರಿಯೇ ಇರಬಹುದು. ಆದರೆ ಮರೆತದ್ದು ತೋರಿಸದ ಲಾಕಿಗೆ ಯಾರೂ ಏನೂ ಅನ್ನಲ್ಲ.

ಬಾಗಿಲು ಎರಡು ಥರ ಕೈಕೊಡುತ್ತದೆ. ತೆರೆಯಬಾರದಾಗ ತೆರೆಯೋದು ಒಂದು, ತೆರೆಯಬೇಕಾದಾಗ ತೆರೆಯದೇ ಇರೋದು ಇನ್ನೊಂದು. ನಮಗೆಲ್ಲ ಮೊದಲನೆಯದರ ಭಯ. ಸಣ್ಣ ವಿಮಾನದಲ್ಲಿ ಬಾಗಿಲೇ ಜನರನ್ನು ಸಾಯಿಸೋದು ಎರಡನೆಯದರಲ್ಲಿ. ಆದರೂ ಅದನ್ನು ಎಷ್ಟೋ ವರ್ಷ ಸ್ಟಿಕ್ಕರ್ ಅಂಟಿಸಿ ತಳ್ಳಿದರು. ನನಗೆ ಸಿಟ್ಟು ಬಂದಿದ್ದು ಅಲ್ಲೇ.

ಸೆಸ್ನಾ 206 ಅಂತ ಒಂದು ಮಾದರಿ. ಆರು ಸೀಟು. ಕೆರೆ ಸರೋವರದಲ್ಲಿ ಇಳಿಯೋ ಹಾಗೆ ದೋಣಿಕಾಲು ಹಾಕಿಸಿಕೊಂಡು ಕೆನಡಾ, ಅಲಾಸ್ಕಾ ಕಡೆ ಇದನ್ನು ಟ್ಯಾಕ್ಸಿ ಥರ ಓಡಿಸುತ್ತಾರೆ. ಅದರ ಹೆಚ್ಚಿನವಕ್ಕೆ ಮುಂದೆ ಎಡಗಡೆ ಪೈಲಟ್‌ಗೆ ಒಂದು ಬಾಗಿಲು. ಮುಂದೆ ಬಲಗಡೆ ಬಾಗಿಲೇ ಇಲ್ಲ. ಹಿಂದಿನವರಿಗೆ ಬಲಗಡೆ ಹಿಂಭಾಗದಲ್ಲಿ ಸಾಮಾನು ತುಂಬೋ ಎರಡು ಕದದ ಬಾಗಿಲು, ನಮ್ಮ ಹಳೇ ಮನೆಗಳ ಜೋಡಿ ಬಾಗಿಲಿನ ಹಾಗೆ. ಇನ್ನು ಫ್ಲಾಪು ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಕ್ಕೆ ಬಾಗುವ ತಗಡು. ಏರುವಾಗ, ಇಳಿಯುವಾಗ ಅದನ್ನು ಇಳಿಸುತ್ತಾರೆ. ಈ ವಿಮಾನದ ರೆಕ್ಕೆ ತಲೆ ಮೇಲಿರುತ್ತದೆ. ಹಾಗಾಗಿ ಫ್ಲಾಪು ಇಳಿದರೆ ಸೀದಾ ಆ ಬಾಗಿಲಿಗೇ ಅಡ್ಡ ಬರುತ್ತದೆ. ಮುಂದಿನ ಕದ ಕೈ ತೂರುವಷ್ಟು ಮಾತ್ರ ತೆರೆಯುತ್ತದೆ. ಹಿಂದಿನ ಕದದ ಹಿಡಿ ಸಿಗಬೇಕಾದರೆ ಮುಂದಿನದನ್ನು ಮೊದಲು ಅಷ್ಟು ತೆರೆಯಬೇಕು. ಆಮೇಲೆ ಆ ಹಿಡಿ ತಿರುಗಿಸಬೇಕು. ಆಮೇಲೆ ಹಿಂದಿನ ಕದ ತಳ್ಳಬೇಕು.

ಕಣ್ಣು ಮುಚ್ಚಿಕೊಂಡು ಊಹೆ ಮಾಡಿ. ವಿಮಾನ ನೀರಲ್ಲಿ ತಲೆಕೆಳಗಾಗಿದೆ. ನೀವೂ ತಲೆಕೆಳಗು. ತಣ್ಣೀರು ಮೂಗಿಗೆ ನುಗ್ಗುತ್ತಿದೆ. ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ. ಆಗ ಈ ಮೂರು ಕೆಲಸ, ಅದೇ ಕ್ರಮದಲ್ಲಿ. ಹೇಗೆ ಮಾಡಬೇಕು ಅಂತ ಬಾಗಿಲ ಮೇಲೆ ಸ್ಟಿಕ್ಕರ್ ಇದೆಯಂತೆ. ಓದಿಕೊಳ್ಳಿ!

2018ರ ಆಗಸ್ಟ್‌ನಲ್ಲಿ ಕೆನಡಾದ ಲಿಟ್ಲ್ ಡಾಕ್ಟರ್ ಅನ್ನೋ ಸರೋವರದಲ್ಲಿ ಇಂಥ ಒಂದು ವಿಮಾನ ಮಗುಚಿ ಮೂವರು ಪ್ರಯಾಣಿಕರು ಮುಳುಗಿ ಸತ್ತರು. ಈ ಬಾಗಿಲಿನ ಕಥೆ ಆಗ ಹೊಸದೇನೂ ಅಲ್ಲ. ಹಿಂದಿನ ಕದದ ಹಿಡಿ ಸುಧಾರಿಸಲು ಕಂಪನಿಯವರು ಸರ್ವಿಸ್ ಬುಲೆಟಿನ್ ಅನ್ನೋ ಸಲಹೆ ಕಾಗದ ಹೊರಡಿಸಿದ್ದು 1991ರಲ್ಲಿ.

ಇದನ್ನೆಲ್ಲ ಹೇಳುತ್ತಾ ನಮ್ಮ ಹುಡುಗ ಒಂದು ಮಾತು ಹೇಳಿದ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ವಿಮಾನದ ಬಾಗಿಲ ಹತ್ತಿರ ಒಂದು ಸ್ವಿಚ್ಚು ಇಟ್ಟಿದ್ದಾರಂತೆ. ಬಾಗಿಲು ತೆರೆದಿದ್ದರೆ ಫ್ಲಾಪು ಇಳಿಯಲ್ಲ. ಯಾಕೆ? ತಗಡಿಗೆ ತಗಡು ತಗುಲಿ ಬೆಂಡಾಗುತ್ತದೆ ಅಂತ. ಅಂದರೆ ಇವೆರಡೂ ಒಂದಕ್ಕೊಂದು ಅಡ್ಡ ಬರುತ್ತವೆ ಅಂತ ಮಾಡಿದವನಿಗೆ ಮೊದಲ ದಿನದಿಂದ ಗೊತ್ತಿತ್ತು. ತಗಡು ಉಳಿಸೋಕೆ ಸ್ವಿಚ್ಚು ಬಂತು. ಒಳಗೆ ಕೂತವರಿಗೆ ಸ್ಟಿಕ್ಕರ್ ಬಂತು. ಬಾಗಿಲು ಕೆಲಸದವನಾಗಿ ಹೇಳುತ್ತೇನೆ, ಇದು ಗೊತ್ತಿಲ್ಲದೇ ಆದ ತಪ್ಪಲ್ಲ ಕಣ್ರೀ.

ಈಗ ಕಾನೂನಿನ ವಿಷಯ. ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ವಿಮಾನದಲ್ಲಿ ದೋಷ ಕಂಡರೆ ಎರಡು ಥರದ ಕಾಗದ ಹೊರಡುತ್ತದೆ. ಕಂಪನಿ ಕಳಿಸೋದು ಸರ್ವಿಸ್ ಬುಲೆಟಿನ್. ವಿಮಾನಗಳ ಮೇಲೆ ಕಣ್ಣಿಡೋ ಸರ್ಕಾರಿ ಇಲಾಖೆ, ಅಮೆರಿಕದಲ್ಲಾದರೆ ಎಫ್‌ಎಎ, ಹೊರಡಿಸೋದು ಏರ್‌ವರ್ದಿನೆಸ್ ಡೈರೆಕ್ಟಿವ್. ಮೊದಲನೆಯದು ಸಲಹೆ, ಎರಡನೆಯದು ಆದೇಶ. ಆದೇಶ ಪಾಲಿಸದಿದ್ದರೆ ವಿಮಾನ ಹಾರುವ ಹಾಗಿಲ್ಲ. ಅಮೆರಿಕದಲ್ಲಿ ಸ್ವಂತಕ್ಕೆ ಹಾರಿಸುವವರಿಗೆ ಬುಲೆಟಿನ್ ಮೇಲೆ ಕಂಪನಿಯೇ ‘ಕಡ್ಡಾಯ’ ಅಂತ ಅಚ್ಚು ಹಾಕಿದ್ದರೂ ಸಾಮಾನ್ಯವಾಗಿ ಅದು ಕಡ್ಡಾಯ ಅಲ್ಲ. ಕೇಳಿ ತಲೆ ತಿರುಗಿತು ನನಗೆ. ಬೇರೆ ದೇಶದಲ್ಲಿ ವಿನ್ಯಾಸವಾದ ವಿಮಾನಕ್ಕೆ ಅಲ್ಲಿಂದ ಆದೇಶ ಬಂದರೆ ನಮ್ಮ ದೇಶದ ಅಂಥದೇ ಇಲಾಖೆ ಡಿಜಿಸಿಎ ಕೂಡ ಪಾಲಿಸಲೇಬೇಕು ಅನ್ನುತ್ತದೆ. ಅಲ್ಲಿ ಸಲಹೆಯಲ್ಲೇ ನಿಂತದ್ದು ಇಲ್ಲಿಗೂ ಸಲಹೆಯಾಗಿಯೇ ಬರೋ ಸಂಭವ ಜಾಸ್ತಿ.

ಸಲಹೆ ಕೊಟ್ಟು ಸುಮ್ಮನಾದರೆ ಏನಾಗುತ್ತದೆ ಅನ್ನೋದಕ್ಕೆ ದೊಡ್ಡ ವಿಮಾನದ ಒಂದು ಹಳೇ ಕಥೆ ಇದೆ. 1972ರ ಜೂನ್‌ನಲ್ಲಿ ಡೆಟ್ರಾಯಿಟ್‌ನಿಂದ ಹೊರಟ ಒಂದು ಡಿಸಿ–10 ವಿಮಾನದ ಸಾಮಾನಿನ ಬಾಗಿಲು ಕೆನಡಾದ ವಿಂಡ್ಸರ್ ಊರಿನ ಮೇಲೆ ಹಾರಿಹೋಯಿತು. ಅದೃಷ್ಟ, ಅದರಲ್ಲಿದ್ದ 67 ಜನರೂ ಬದುಕಿದರು. ಲಾಕು ಪೂರ್ತಿ ಬೀಳದಿದ್ದರೂ ಹೊರಗಿನ ಹಿಡಿ ಮುಚ್ಚಿಕೊಳ್ಳುತ್ತಿತ್ತು, ದೋಷ ಅದು. ಎಫ್‌ಎಎ ಆದೇಶ ಹೊರಡಿಸಬೇಕಿತ್ತು. ಕಂಪನಿಯ ದೊಡ್ಡವರು, ಎಫ್‌ಎಎ ದೊಡ್ಡವರು ಫೋನಿನಲ್ಲಿ ಮಾತಾಡಿಕೊಂಡರು. ಆದೇಶ ಬೇಡ, ಬುಲೆಟಿನ್ ಸಾಕು ಅಂತಾಯಿತು. 1974ರ ಮಾರ್ಚ್ 3ರಂದು ಪ್ಯಾರಿಸ್‌ನಿಂದ ಹೊರಟ ಟರ್ಕಿಯ ಡಿಸಿ–10ರಲ್ಲಿ ಅದೇ ಬಾಗಿಲು ಹಾರಿತು. 346 ಜನ ಸತ್ತರು. ಆ ವಿಮಾನಕ್ಕೆ ಮಾಡಬೇಕಿದ್ದ ಒಂದು ಬದಲಾವಣೆ ಆಗಿದೆ ಅಂತ ಫ್ಯಾಕ್ಟರಿ ದಾಖಲೆಯಲ್ಲಿ ಇತ್ತು. ವಿಮಾನದಲ್ಲಿ ಆಗಿರಲಿಲ್ಲ.

ಇದರಲ್ಲಿ ಇನ್ನೂ ಒಂದು ವಿಷಯ ನನ್ನ ಹೊಟ್ಟೆ ಉರಿಸುತ್ತದೆ. ಪ್ಯಾರಿಸ್‌ನಲ್ಲಿ ಆ ಬಾಗಿಲು ಮುಚ್ಚಿದವನು ಅಲ್ಜೀರಿಯಾ ಕಡೆಯ ಕೂಲಿಯವನು. ಬಾಗಿಲ ಹತ್ತಿರ ಸೂಚನೆ ಬರೆದಿತ್ತು, ಇಂಗ್ಲಿಷ್‌ನಲ್ಲಿ, ಟರ್ಕಿ ಭಾಷೆಯಲ್ಲಿ. ಅವನಿಗೆ ಎರಡೂ ಓದಲು ಬರುತ್ತಿರಲಿಲ್ಲ. ಮೊದಮೊದಲು ಜನ ಅವನ ಕಡೆಯೇ ಬೆರಳು ತೋರಿಸಿದರು. ನಮ್ಮ ಬಸ್‌ಗಳಲ್ಲಿ ‘ಎಮರ್ಜೆನ್ಸಿ ಎಕ್ಸಿಟ್’ ಅಂತ ಬರೀ ಇಂಗ್ಲಿಷ್‌ನಲ್ಲಿ ಬರೆದದ್ದು ಕಂಡರೆ ನನಗೆ ಅವನದೇ ನೆನಪು.

ನಾನೇನು ಸಾಚಾ ಅಂತ ಇದನ್ನೆಲ್ಲ ಬರೆಯುತ್ತಿಲ್ಲ. ಹದಿನಾಲ್ಕು ವರ್ಷದ ಹಿಂದೆ ಕೊರಟಗೆರೆ ಕಡೆ ಓಡೋ ಒಂದು ಖಾಸಗಿ ಬಸ್ಸು ಬಂದಿತ್ತು. ಮುಂಬಾಗಿಲಿನ ಲಾಕು ಸವೆದಿತ್ತು. ಹೊಸದು ಹಾಕಿಸಿ ಅಂದೆ. “ಎಫ್‌ಸಿ ಮುಗಿಯೋವರೆಗೆ ನಿಂತ್ರೆ ಸಾಕಪ್ಪ” ಅಂದರು ಓನರು. ನಾಲಿಗೆಗೆ ಸ್ವಲ್ಪ ವೆಲ್ಡಿಂಗ್ ಕೂರಿಸಿ, ಅರ ಹಾಕಿ ಉಜ್ಜಿ ಕೊಟ್ಟೆ. ಎಫ್‌ಸಿ ಪಾಸಾಯಿತು. ಎಂಟನೇ ದಿನ ಒಂದು ತಿರುವಿನಲ್ಲಿ ಬಾಗಿಲು ತೆಗೆದುಕೊಂಡು ಕಂಬಿ ಹಿಡಿದು ನಿಂತಿದ್ದ ಹೆಂಗಸೊಬ್ಬರು ರಸ್ತೆಗೆ ಬಿದ್ದರು. ಮೊಣಕೈ ಮುರಿಯಿತು. ನೋಡಲು ಹೋಗಿದ್ದೆ. “ಬಾಗ್ಲತ್ರ ನಿಂತಿದ್ದು ನಂದೇ ತಪ್ಪು ಬಿಡಪ್ಪ” ಅಂದರು ಆಕೆ. ಬಾಗಿಲ ಮೇಲೆ ‘ಇಲ್ಲಿ ನಿಲ್ಲಬೇಡಿ’ ಅಂತ ಬರೆದಿತ್ತು, ನಿಜ. ಒಂದು ಸಾಲು ಬರೆದುಬಿಟ್ಟರೆ ತಪ್ಪೆಲ್ಲ ನಿಂತವರ ತಲೆಗೆ. ಕೆಲಸ ಮಾಡಿದ ನಾನು, ಮಾಡಿಸಿದ ಓನರು ಇಬ್ಬರೂ ಪಾರು.

ಹುಡುಗ ನನ್ನ ಜೊತೆ ವಾದಕ್ಕೂ ಬಿದ್ದ. ಎಲ್ಲದಕ್ಕೂ ಆದೇಶ ಹೊರಡಿಸುತ್ತಾ ಹೋದರೆ ಸಣ್ಣ ವಿಮಾನ ಇಟ್ಟುಕೊಳ್ಳೋಕೇ ಆಗಲ್ಲ ಮಾವ, ಅಂದ. ಕ್ಲಬ್ಬಿನವರು, ತರಬೇತಿ ಶಾಲೆಯವರು ಬೀಗ ಹಾಕಬೇಕಾಗುತ್ತದೆ. ಸೆಸ್ನಾ 172 ಮಾರಾಟಕ್ಕೆ ಬಂದದ್ದು 1956ರಲ್ಲಿ. ಅಂಥ ವಿಮಾನಗಳು ಒಪ್ಪಿಗೆ ಪಡೆದದ್ದು ಆ ಕಾಲದ ನಿಯಮದ ಮೇಲೆ, ಇವತ್ತಿನ ನಿಯಮವನ್ನು ಅವುಗಳ ಮೇಲೆ ಹೇರೋದು ಹೇಗೆ? ಅಮೆರಿಕದವರು ಹತ್ತೊಂಬತ್ತು ಪ್ರಯಾಣಿಕರವರೆಗಿನ ಸಣ್ಣ ವಿಮಾನಗಳ ನಿಯಮವನ್ನು 2017ರಲ್ಲಿ ಪೂರ್ತಿ ಬದಲಾಯಿಸಿದರು. ಲಾಕು ಹೀಗಿರಲಿ, ಕೀಲು ಹೀಗಿರಲಿ ಅನ್ನೋದು ಬಿಟ್ಟು, ಏನು ಸಾಧಿಸಬೇಕು ಅಂತ ಮಾತ್ರ ಹೇಳಿದರು. ಹೊಸದಾಗಿ ಮಾಡುವವರಿಗೆ ಅದು ಒಳ್ಳೆಯದೇ. ಹಳೇ ವಿಮಾನದ ಬಾಗಿಲಿಗೆ ಅದರಿಂದ ಏನೂ ಆಗಲಿಲ್ಲ.

ಅವನ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಹಾರುವಾಗ ಬಾಯಿ ಬಿಡೋ ಬಾಗಿಲಿಗೆ ಪೈಲಟ್‌ಗೆ ಚೆನ್ನಾಗಿ ಕಲಿಸಿದರೆ ಸಾಕು, ಸವೆದ ಲಾಕನ್ನು ವರ್ಷದ ತಪಾಸಣೆಯಲ್ಲಿ ಬದಲಾಯಿಸಿದರೆ ಸಾಕು. ಅದಕ್ಕೆ ಸಲಹೆ ಸರಿ. ಪೈಲಟ್ ತರಬೇತಿ ಪಡೆದವನು, ಸಂಬಳವೋ ಶೋಕಿಯೋ, ಗೊತ್ತಿದ್ದೇ ಕೂತಿರುತ್ತಾನೆ. ಹೊರಗೆ ಬರೋ ದಾರಿಯ ವಿಷಯ ಹಾಗಲ್ಲ. ಆ ದಾರಿ ಬಳಸೋರು ಹಿಂದಿನ ಸೀಟಿನವರು. ಟಿಕೆಟ್ ಕೊಟ್ಟು ಮೊದಲ ಸಲ ಹತ್ತಿದ ಮಗು, ಅಜ್ಜಿ. ಅವರಿಗೆ ಬುಲೆಟಿನ್ ಯಾರು ಓದಿ ಹೇಳುತ್ತಾರೆ? ಅಲ್ಲಿ ಆದೇಶವೇ ಬೇಕು. ಬಾಗಿಲು ಸರಿ ಮಾಡಿ, ಆಗಲಿಲ್ಲವಾ, ಆ ಸೀಟು ಕಿತ್ತು ಹಾಕಿ. ನಮ್ಮ ಬಸ್ಸಿಗೂ ನನ್ನ ಮಾತು ಇದೇ. 2013ರಲ್ಲಿ ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟ ಬಸ್ಸು ಪಾಲೆಂ ಹತ್ತಿರ ಹೊತ್ತಿ ಉರಿದು 45 ಜನ ಹೋದರಲ್ಲ, ಅದಾದ ಮೇಲೆ ನಾನು ಯಾವ ಬಸ್ ಹತ್ತಿದರೂ ಮೊದಲು ನೋಡೋದು ಹಿಂದಿನ ಕಿಟಕಿಯ ಸುತ್ತಿಗೆ ಇದೆಯಾ ಅಂತ. ಎಷ್ಟೋ ಸಲ ಇರಲ್ಲ. ಕೇಳಿದರೆ ಕಂಡಕ್ಟರ್ “ಯಾರೋ ಹೊಡ್ಕೊಂಡು ಹೋದ್ರು ಸಾರ್” ಅಂತಾರೆ.

ಇದನ್ನು ಬರೆಯೋಕೆ ಕೂತಿದ್ದೂ ಮೊನ್ನೆ ಸೋಮವಾರ ಬಂದ ಒಂದು ಸ್ಕೂಲ್ ವ್ಯಾನಿನಿಂದ. ಸ್ಲೈಡಿಂಗ್ ಬಾಗಿಲು ಬಿಗಿ ಆಗಿದೆ, ರೋಲರ್ ನೋಡು ಅಂದರು. ರೋಲರ್ ಹಾಕುವಾಗ ನೋಡಿದೆ, ಒಳಗಡೆ ಹಿಡಿಯೇ ಇಲ್ಲ. ಆ ತೂತಿಗೆ ರಟ್ಟು ಸಿಕ್ಕಿಸಿ ಟೇಪು ಸುತ್ತಿದ್ದಾರೆ. ಮಕ್ಕಳು ಓಡುವಾಗ ತೆಗೆದುಬಿಡುತ್ತಾರೆ ಅಂತ ಬೇಕಂತಲೇ ಕಿತ್ತಿದ್ದಂತೆ. “ಹೊರಗಿನಿಂದ ನಾನೇ ತೆಗಿತೀನಲ್ಲಣ್ಣ, ಹದಿನಾಲ್ಕು ಮಕ್ಕಳು, ರಗಳೆ ಬೇಡ” ಅಂದ ಡ್ರೈವರು. ಅವನು ಹೇಳೋದರಲ್ಲೂ ಅರ್ಥ ಇದೆ, ಹಿಂದೆ ಇಬ್ಬರು ಕುಸ್ತಿ ಆಡುತ್ತಿದ್ದರು. ನಾನು ಸಲಹೆ ಕೊಡಲಿಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಅಂಗಡಿಗೆ ಹುಡುಗನನ್ನು ಕಳಿಸಿ ಹೊಸ ಹಿಡಿ ತರಿಸಿದೆ. ಚಿಕ್ಕ ಕೈ ಸುಮ್ಮನೆ ಎಳೆದರೆ ಬರದ ಹಾಗೆ, ಮೇಲಕ್ಕೆತ್ತಿ ಎಳೆದರೆ ಬರೋ ಹಾಗೆ ಒಂದು ಸ್ಪ್ರಿಂಗ್ ಕೊಟ್ಟು ಕೂರಿಸಿದೆ. ಆಮೇಲೆ ಆ ಹದಿನಾಲ್ಕು ಮಕ್ಕಳಿಂದಲೂ ಒಬ್ಬೊಬ್ಬರಾಗಿ ಬಾಗಿಲು ತೆಗೆಸಿದೆ, ಕಣ್ಣು ಮುಚ್ಚಿಸಿ. ಯುಕೆಜಿಯ ಒಂದು ಹುಡುಗಿಗೆ ನಾಲ್ಕು ಸಲ ಬೇಕಾಯಿತು.

ಓನರು ಹಿಡಿಯ ದುಡ್ಡು ಇನ್ನೂ ಕೊಟ್ಟಿಲ್ಲ. ಕೇಳದೇ ಯಾಕೆ ಹಾಕಿದೆ ಅಂತಿದ್ದಾರೆ.