ಇಟಲಿಯ ಯಂತ್ರ, ಉಡುಪಿಯ ಬಾವಿ ನೀರು

ಅಂಬಲಪಾಡಿಯ ನಮ್ಮ ಮನೆಗೆ ಇಟಲಿಯಲ್ಲಿ ತಯಾರಾದ ಎಸ್ಪ್ರೆಸೊ ಕಾಫಿಯ ಯಂತ್ರ ಬಂದು ಈ ಜೂನಿಗೆ ಎರಡು ವರ್ಷ ತುಂಬಿತು. ಯಂತ್ರಕ್ಕೆ 2.5 ಲಕ್ಷ ರೂಪಾಯಿ, ಜೊತೆಗೆ ಬೇಕಾದ, ಬೀಜ ಪುಡಿಮಾಡುವ ಗ್ರೈಂಡರಿಗೆ 70 ಸಾವಿರ ರೂಪಾಯಿ ಕೊಟ್ಟಿದ್ದೇನೆ. ನಿವೃತ್ತಿಯ ಹಣದಲ್ಲಿ ನನಗೆಂದು ತೆಗೆದಿಟ್ಟುಕೊಂಡ ಪಾಲು ಅದು. ಕೊಟ್ಟದ್ದಕ್ಕೆ ನನಗೆ ವಿಷಾದವಿಲ್ಲ. ಮನೆಗೆ ಬಂದವರು ಬೆಲೆ ಕೇಳಿದ ಮೇಲೆ ತಪ್ಪದೆ ಇನ್ನೊಂದು ಮಾತು ಕೇಳುತ್ತಾರೆ: “ಇಷ್ಟು ದುಡ್ಡು ಕೊಟ್ಟ ಮೇಲೆ ಗುಂಡಿ ಒತ್ತಿದರೆ ಆಯ್ತಲ್ಲ, ಮತ್ತೆ ಕಲಿಯಲಿಕ್ಕೆ ಎಂತ ಉಂಟು?” ಆ ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಡುವುದು ಕಷ್ಟವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಈ ಎರಡು ವರ್ಷಗಳಲ್ಲಿ ನನಗೆ ಮನದಟ್ಟಾದ ಸಂಗತಿ ಏನೆಂದರೆ, ಯಂತ್ರ ಇಟಲಿಯದ್ದಾದರೂ ಅದರ ವಿದ್ಯೆಯ ಬಹುಪಾಲನ್ನು ನಮ್ಮ ಬಾವಿ, ನಮ್ಮ ಮಳೆಗಾಲ ಮತ್ತು ನಮ್ಮ ಘಟ್ಟದ ಬೀಜದಿಂದಲೇ ಕಲಿಯಬೇಕು.

ಮೊದಲು ಯಂತ್ರ ಮಾಡುವ ಕೆಲಸವನ್ನು ಹೇಳುತ್ತೇನೆ. ಸುಮಾರು 93 ಡಿಗ್ರಿ ಬಿಸಿಯ ನೀರನ್ನು 9 ಬಾರ್ ಒತ್ತಡದಲ್ಲಿ, ಗಟ್ಟಿಯಾಗಿ ಒತ್ತಿದ ನುಣುಪು ಪುಡಿಯ ಬಿಲ್ಲೆಯೊಳಗಿಂದ ಹಾಯಿಸುವುದೇ ಎಸ್ಪ್ರೆಸೊ. 18 ಗ್ರಾಂ ಪುಡಿಯಿಂದ 25ರಿಂದ 30 ಸೆಕೆಂಡುಗಳಲ್ಲಿ ಹೆಚ್ಚುಕಡಿಮೆ 36 ಗ್ರಾಂ ಕಾಫಿ ಇಳಿಯಬೇಕೆಂಬುದು ರೂಢಿಯ ಲೆಕ್ಕ. ಕಾಫಿಯ ಮೇಲೆ ಕೆನೆಯಂತೆ ನಿಲ್ಲುವ ಹೊಂಬಣ್ಣದ ನೊರೆಗೆ ಕ್ರೆಮಾ ಎನ್ನುತ್ತಾರೆ. ಮಿಲಾನಿನ ಅಕಿಲ್ಲೆ ಗಾಜ್ಜಿಯಾ 1938ರಲ್ಲಿ ಪೇಟೆಂಟ್ ಪಡೆದು, 1940ರ ದಶಕದ ಕೊನೆಗೆ ಸನ್ನೆಕೋಲಿನ ಯಂತ್ರವನ್ನು ಹೊರತಂದ ಮೇಲೆಯೇ ಈ ನೊರೆಯ ಕಾಫಿ ಜನರಿಗೆ ಪರಿಚಯವಾದದ್ದು. ನನ್ನ ಯಂತ್ರದ ಮುಂಭಾಗದಲ್ಲಿರುವ ಹಿತ್ತಾಳೆಯ ದಪ್ಪ ತಲೆಯ ವಿನ್ಯಾಸವು ಫೇಮಾ ಸಂಸ್ಥೆ 1961ರಲ್ಲಿ ತಂದ ಇ61ರದ್ದು. ಹೆಸರಿನಲ್ಲಿರುವ ಅಂಕಿ ಆ ವರ್ಷವನ್ನೇ ಸೂಚಿಸುತ್ತದೆ. ಬಾಯ್ಲರಿನ ಬಿಸಿನೀರು ಸದಾ ಆ ತಲೆಯೊಳಗೆ ಸುತ್ತುತ್ತಿರುವುದರಿಂದ ಅದು ಒಮ್ಮೆ ಕಾದ ಮೇಲೆ ಸುಲಭದಲ್ಲಿ ತಣಿಯುವುದಿಲ್ಲ, ಆದರೆ ಕಾಯುವುದಕ್ಕೆ ಮಾತ್ರ ಬೆಳಿಗ್ಗೆ 40 ನಿಮಿಷ ಬೇಕು. ಕಾಫಿಗೊಂದು, ಹಾಲಿನ ಹಬೆಗೊಂದು ಎಂದು ಎರಡು ಬಾಯ್ಲರುಗಳಿವೆ. ನಾವು ಕೊಟ್ಟ ಹಣಕ್ಕೆ ಯಂತ್ರ ಕೊಡುವುದು ಸ್ಥಿರತೆಯನ್ನು: ನಿನ್ನೆಯ ಬಿಸಿ, ನಿನ್ನೆಯ ಒತ್ತಡ ಇಂದೂ ಇರುತ್ತದೆ. ಹಾಗಿರುವಾಗ ನಿನ್ನೆಯ ರುಚಿ ಇಂದು ಇಲ್ಲವಾದರೆ ತಪ್ಪು ಯಂತ್ರದ್ದಲ್ಲವೆಂದು ತಿಳಿದು ಬೇರೆಡೆ ಹುಡುಕಬಹುದು. ಅಗ್ಗದ ಯಂತ್ರದಲ್ಲಿ ಹೀಗೆ ಹುಡುಕುವುದಕ್ಕೇ ಅವಕಾಶವಿಲ್ಲ.

ಮೊದಲ ಮೂರು ತಿಂಗಳು ನಾನು ಹುಡುಕಿದ್ದು ಪುಡಿಯಲ್ಲಿ. ಪುಡಿಯ ಬುಟ್ಟಿಯನ್ನು ಹಿಡಿದಿಡುವ, ತಳ ತೆರೆದಿರುವ ಪೋರ್ಟಾಫಿಲ್ಟರ್ ಎಂಬ ಹಿಡಿಕೆಯನ್ನು ಕೊಂಡವರಿಗೆ ಈ ಪಾಠ ಬೇಗ ಆಗುತ್ತದೆ. ಪುಡಿ ಎಲ್ಲ ಕಡೆಯೂ ಸಮನಾಗಿ ಕೂತಿದ್ದರೆ, ಗುಂಡಿ ಒತ್ತಿದ ಆರೇಳು ಸೆಕೆಂಡಿಗೆ ಬುಟ್ಟಿಯ ತಳದ ತೂತುಗಳಲ್ಲಿ ಕಡುಕಂದು ಹನಿಗಳು ಮೂಡಿ, ನಡುವಿಗೆ ಹರಿದು ಬಂದು ಕೂಡಿಕೊಂಡು, ಜೇನಿನ ಎಳೆಯಂತೆ ಒಂದೇ ಧಾರೆಯಾಗಿ ಇಳಿಯುತ್ತವೆ. ಸ್ವಲ್ಪ ಹೊತ್ತಿಗೆ ಆ ಧಾರೆಯಲ್ಲಿ ಹುಲಿಯ ಮೈಯಂತೆ ಪಟ್ಟೆಗಳು ಕಾಣಿಸುತ್ತವೆ. ಎಲ್ಲಿಯಾದರೂ ಒಂದು ಕಡೆ ಪುಡಿ ಸಡಿಲವಾಗಿದ್ದರೆ ನೀರು ಅಲ್ಲೇ ದಾರಿ ಮಾಡಿಕೊಂಡು, ಸೂಜಿಯಷ್ಟು ಸಣ್ಣ ಬಿಳಿ ಚಿಲುಮೆಯಾಗಿ ಹಾರಿ ಗೋಡೆಯ ಟೈಲ್ಸಿಗೆ ಬಡಿಯುತ್ತದೆ. ಹಾಗಾದ ಲೋಟದ ಕಾಫಿ ಏಕಕಾಲಕ್ಕೆ ಹುಳಿಯೂ ಕಹಿಯೂ ಆಗಿರುತ್ತದೆ, ಏಕೆಂದರೆ ನೀರು ಹರಿದ ಕಡೆ ಪುಡಿಯ ಸಾರವೆಲ್ಲ ಅತಿಯಾಗಿ ಇಳಿದಿರುತ್ತದೆ, ಉಳಿದ ಕಡೆ ಇಳಿದೇ ಇರುವುದಿಲ್ಲ. ಬುಟ್ಟಿಯ ಪುಡಿಯನ್ನು ತೆಳುವಾದ ತಂತಿಗಳಿಂದ ಕೆದಕಿ, ಗಂಟುಗಳನ್ನು ಬಿಡಿಸಿ, ಆಮೇಲೆ ನೇರವಾಗಿ ಒತ್ತುವ ಅಭ್ಯಾಸ ಕೈಗೆ ಕೂತ ಮೇಲೆ ಟೈಲ್ಸಿನ ಕಲೆಗಳು ನಿಂತವು. ಹುಳಿಯಾದರೆ ಪುಡಿ ಇನ್ನಷ್ಟು ನುಣುಪಾಗಬೇಕು, ಕಹಿಯಾದರೆ ತುಸು ತರಿಯಾಗಬೇಕು ಎಂಬ ಸರಳ ಸೂತ್ರ ಅರ್ಥವಾಗಲು ನಾಲಿಗೆ ಹುಳಿಯನ್ನೂ ಕಹಿಯನ್ನೂ ಬೇರ್ಪಡಿಸಿ ಗುರುತಿಸಬೇಕು, ಅದಕ್ಕೂ ಸಮಯ ಹಿಡಿಯಿತು. ಕೈಯಲ್ಲಿರುವ ಹಣ ಮಿತವಾಗಿದ್ದರೆ ಯಂತ್ರದ ಬೆಲೆಯನ್ನು ಇಳಿಸಿ ಗ್ರೈಂಡರಿನ ಬೆಲೆಯನ್ನು ಏರಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಪುಡಿ ಒಂದೇ ಸಮ ಬೀಳದಿದ್ದರೆ ಯಾವ ಬಾಯ್ಲರೂ ಅದನ್ನು ಸರಿಪಡಿಸಲಾರದು.

ಇನ್ನು ನೀರಿನ ವಿಷಯ. ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಪುಟಗಟ್ಟಲೆ ಬರೆದಿರುವುದು ಗಡಸು ನೀರಿನ ಬಗ್ಗೆ, ಬಾಯ್ಲರಿನ ಒಳಗೆ ಸುಣ್ಣದ ಹೊಪ್ಪಳಿಕೆ ಕಟ್ಟುವ ಬಗ್ಗೆ. ಯಂತ್ರ ಮಾರಿದವರೂ ಮೂರು ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲ ಹಾಕಿ ತೊಳೆಯಬೇಕೆಂದು ಹೇಳಿದ್ದರು, ನಾನು ಹೇಳಿದ ಹಾಗೆಯೇ ತೊಳೆದೆ. ಎರಡನೆಯ ಸಲ ತೊಳೆದು ಒಂದು ವಾರವಾಗಿರಬಹುದು, ನೆಂಟರ ಮದುವೆಗೆಂದು ಎರಡು ದಿನ ಕುಂದಾಪುರಕ್ಕೆ ಹೋಗಿದ್ದವನು ಹಿಂದಿರುಗಿ, ಬಿಸಿನೀರಿನ ನಲ್ಲಿಯನ್ನು ತಿರುಗಿಸಿ ಬಿಳಿಯ ಪಿಂಗಾಣಿ ಬಟ್ಟಲಿಗೆ ನೀರು ಹಿಡಿದೆ. ಬಟ್ಟಲಿನ ತಳದಲ್ಲಿ ನವಿಲುಗರಿಯ ನೀಲಿಯನ್ನು ನೀರಿನಲ್ಲಿ ಕದಡಿದಂತೆ ತಿಳಿಯಾದ ಹಸಿರುನೀಲಿ ಛಾಯೆ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಬಟ್ಟಲು ಬದಲಿಸಿ ಮತ್ತೆ ಹಿಡಿದೆ, ಆಗಲೂ ಅದೇ ಬಣ್ಣ. ಅದು ತಾಮ್ರ. ನನ್ನ ಬಾಯ್ಲರ್ ಕರಗುತ್ತಿತ್ತು, ನಾವು ಅದನ್ನು ಕುಡಿಯುತ್ತಿದ್ದೆವು. ಆ ದಿನ ನನಗಾದ ಗಾಬರಿಯನ್ನು ಈಗಲೂ ಮರೆತಿಲ್ಲ, ಏಕೆಂದರೆ ಆ ಯಂತ್ರದ ಹಾಲಿನ ಕಾಫಿಯನ್ನು ಎಂಬತ್ತು ದಾಟಿದ ನನ್ನ ಅಮ್ಮನೂ ಕುಡಿಯುತ್ತಿದ್ದಳು.

ಕಾರಣ ನಮ್ಮ ನೆಲದಲ್ಲೇ ಇದೆ. ಕರಾವಳಿಯ ಬಾವಿಗಳು ಮುರಕಲ್ಲಿನ ನೆಲದಲ್ಲಿ ತೋಡಿದವು. ಧಾರಾಳ ಮಳೆ ಸುರಿದು ಸುರಿದು ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿರುವ ಈ ಮಣ್ಣಿನ ನೀರು ಸಾಮಾನ್ಯವಾಗಿ ಬಹಳ ಮೆದು, ಜೊತೆಗೆ ತುಸು ಆಮ್ಲೀಯ. ನಮ್ಮ ಬಾವಿ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಅಳತೆ, 35; ಆಮ್ಲೀಯತೆಯನ್ನು ತೋರಿಸುವ ಪಿಎಚ್ 6ರ ಆಸುಪಾಸು (7ಕ್ಕಿಂತ ಕೆಳಗಿದ್ದರೆ ಆಮ್ಲೀಯ). ಗಡಸುತನ ಅಳೆಯುವ ಪಟ್ಟಿಯನ್ನು ಅದ್ದಿದರೆ ಬಣ್ಣವೇ ತಿರುಗುವುದಿಲ್ಲ. ಇಂಥ ನೀರಿನಲ್ಲಿ ಸುಣ್ಣ ಕಟ್ಟುವ ಪ್ರಶ್ನೆಯೇ ಇಲ್ಲ, ಲೋಹವನ್ನು ತಿನ್ನುವ ಭಯವಿದೆ. ಅದರ ಮೇಲೆ ನಾನು ಆಮ್ಲವನ್ನೂ ಹಾಕಿ ತೊಳೆದಿದ್ದೆ. ಹಾಗೆಂದು ಕೆಲವರು ಮಾಡುವಂತೆ ಆರ್‌ಒ ನೀರು ತುಂಬಿಸಿದರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ: ಆ ನೀರಿನಲ್ಲಿ ಲವಣಗಳು ತೀರಾ ಕಡಿಮೆಯಾದ್ದರಿಂದ ವಿದ್ಯುತ್ ಸರಿಯಾಗಿ ಹರಿಯದೆ, ಬಾಯ್ಲರಿನ ಮಟ್ಟ ನೋಡುವ ಸಲಾಕೆಗೆ ನೀರಿದೆಯೆಂಬುದೇ ತಿಳಿಯದೆ ಪಂಪ್ ತುಂಬಿಸುತ್ತಲೇ ಇರಬಹುದು. ಪರಿಹಾರ ಬಹಳ ಅಗ್ಗದ್ದು. ಐದು ಲೀಟರಿನ ಕ್ಯಾನಿಗೆ ಅರ್ಧ ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್ ಬೆರೆಸಿದರೆ ನೀರಿನ ಆಮ್ಲೀಯತೆ ತಗ್ಗುತ್ತದೆ, ಸುಣ್ಣವೂ ಕಟ್ಟುವುದಿಲ್ಲ, ಕಾಫಿಯ ಹುಳಿಯೂ ಮೃದುವಾಗುತ್ತದೆ. ಆಹಾರಕ್ಕೆ ಬಳಸುವ ದರ್ಜೆಯದ್ದೇ ಆಗಿರಬೇಕು, ಅಳೆಯಲು ಮಿಲಿಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಬಾಯ್ಲರನ್ನು ಬಿಚ್ಚಿಸಿ ನೋಡಿಸಿ, ನೀರನ್ನು ಬದಲಿಸಿದ ಮೇಲೆ ಆ ಬಣ್ಣ ಮತ್ತೆ ಕಾಣಿಸಲಿಲ್ಲ. ಆದರೂ ಪ್ರತಿ ಭಾನುವಾರ ಬಿಳಿಯ ಬಟ್ಟಲಿನಲ್ಲಿ ಹಿಡಿದು ನೋಡುವ ರೂಢಿಯನ್ನು ಬಿಟ್ಟಿಲ್ಲ.

ಮಳೆಗಾಲ ಕಲಿಸಿದ ಪಾಠ ಬೇರೆ. ಮೇ ತಿಂಗಳ ಕೊನೆಯವರೆಗೆ 28 ಸೆಕೆಂಡಿಗೆ ಇಳಿಯುತ್ತಿದ್ದ ಅದೇ ಬೀಜ, ಗ್ರೈಂಡರಿನ ಅದೇ ಅಂಕಿಯಲ್ಲಿ, ಜೂನಿನ ಎರಡನೆಯ ವಾರ 40 ಸೆಕೆಂಡಾದರೂ ತೊಟ್ಟಿಕ್ಕುತ್ತಿತ್ತು. ಗಾಳಿಯ ತೇವವನ್ನು ಬೀಜವೂ ಪುಡಿಯೂ ಹೀರಿಕೊಂಡು ಬಿಲ್ಲೆ ಬಿಗಿಯಾಗುತ್ತದೆ. ನಾನು ಯಂತ್ರ ಕೆಟ್ಟಿತೆಂದು ಕೈಪಿಡಿ ತೆರೆದು ಕೂತಿದ್ದಾಗ ಅಮ್ಮ ದೋಸೆಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಾ, “ಮಳೆಗಾಲದಲ್ಲಿ ಹಿಟ್ಟಿನ ಹದ ಬೇರೆ, ಬೇಸಗೆಯದ್ದೇ ಬೇರೆ. ನಿನ್ನ ಕಾಫಿಗೂ ಹಾಗೆಯೇ ಇರಬಹುದು ಮಗಾ” ಎಂದಳು. ಅವಳು ಅಳತೆ ಬರೆದಿಟ್ಟವಳಲ್ಲ, ಆದರೆ ಆಷಾಢದಲ್ಲಿ ನೀರು ಎಷ್ಟು ಕಡಿಮೆ ಮಾಡಬೇಕು, ಹಿಟ್ಟನ್ನು ಎಷ್ಟು ಹೊತ್ತು ಬೆಚ್ಚಗಿಡಬೇಕು ಎಂಬುದು ಅವಳ ಕೈಗೆ ಗೊತ್ತು. ಆ ಸಂಜೆಯೇ ನಾನು ಗ್ರೈಂಡರನ್ನು ಎರಡು ಗೆರೆ ತರಿಯ ಕಡೆಗೆ ತಿರುಗಿಸಿದೆ. ಕಾಫಿ 29 ಸೆಕೆಂಡಿಗೆ ಇಳಿಯಿತು. ಹದ ಎಂಬ ನಮ್ಮ ಮಾತಿನಲ್ಲಿ ಬಿಸಿ, ತೇವ, ಸಮಯ, ಕೈಯ ಒತ್ತು ಎಲ್ಲವೂ ಒಟ್ಟಿಗೆ ಅಡಗಿರುವುದನ್ನು ಅಲ್ಲಿಯವರೆಗೆ ನಾನು ಗಮನಿಸಿಯೇ ಇರಲಿಲ್ಲ. ಈಗ ಮಳೆಗಾಲದಲ್ಲಿ ಬೀಜವನ್ನು ಗ್ರೈಂಡರಿನಲ್ಲಿ ತುಂಬಿಡದೆ, 18 ಗ್ರಾಮಿನಂತೆ ತೂಗಿ ಸಣ್ಣ ಸಣ್ಣ ಗಾಜಿನ ಸೀಸೆಗಳಲ್ಲಿ ಬಿಗಿಯಾಗಿ ಮುಚ್ಚಿಡುತ್ತೇನೆ. ಮರದ ಹಿಡಿಕೆಗಳಿಗೆ ಬೂಷ್ಟು ಹಿಡಿಯುತ್ತದೆ, ಅವುಗಳನ್ನು ದಿನವೂ ಒರೆಸಬೇಕು.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 16 ಆಂಪಿಯರಿನ ಪ್ರತ್ಯೇಕ ಸಾಕೆಟ್, ತಕ್ಕ ಸಾಮರ್ಥ್ಯದ ಸ್ಟೆಬಿಲೈಸರ್, ಸರಿಯಾದ ಅರ್ಥಿಂಗ್ ಈ ಮೂರೂ ಮೊದಲೇ ಆಗಿರಬೇಕು. ಮನೆಯ ಸಾಮಾನ್ಯ ಇನ್ವರ್ಟರ್ ಈ ಯಂತ್ರವನ್ನು ಎಳೆಯುವುದಿಲ್ಲ. ಸಿಡಿಲಿನ ದಿನಗಳಲ್ಲಿ ಟಿವಿಯ ಪ್ಲಗ್ ಕೀಳುವಾಗ ಇದರದ್ದನ್ನೂ ಕಿತ್ತಿಡಬೇಕು.

ಬೀಜದ ವಿಷಯದಲ್ಲಿ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ. ದುಬಾರಿ ಯಂತ್ರ ಕೊಂಡವರು ಬೀಜವನ್ನೂ ಹೊರದೇಶದಿಂದಲೇ ತರಿಸಬೇಕೆಂದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಭಾರತದಲ್ಲಿ ಬೆಳೆಯುವ ಕಾಫಿಯ ಬಹುಪಾಲು ರಫ್ತಾಗುತ್ತದೆ, ಅದನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮೊದಲ ಸಾಲಿನಲ್ಲಿದೆ. ಚಿಕ್ಕಮಗಳೂರು, ಕೊಡಗು, ಸಕಲೇಶಪುರಗಳ ಬೀಜ ಘಟ್ಟ ಇಳಿದು ಮಂಗಳೂರಿಗೆ ಬಂದು, ಪಣಂಬೂರಿನ ಬಂದರಿನಿಂದ ಹಡಗು ಹತ್ತುತ್ತದೆ. ಇಟಲಿಯ ಮಿಶ್ರಣಗಳಲ್ಲಿ ಬಾಯಿಗೆ ಸಿಗುವ ದಪ್ಪಕ್ಕೂ ಕ್ರೆಮಾಕ್ಕೂ ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಒಂದಾದ ನಮ್ಮ ರೊಬಸ್ಟಾ ಬೇಕು. ಇಲ್ಲಿ ಮಾತ್ರ ರೊಬಸ್ಟಾ ಎಂದರೆ ಕೀಳೆಂಬ ಭಾವನೆ ಕಾಫಿಯ ರುಚಿ ಬಲ್ಲವರೆಂದುಕೊಳ್ಳುವವರಲ್ಲೂ ಇದೆ, ಅದನ್ನು ನಾನು ಒಪ್ಪುವುದಿಲ್ಲ. ಹಣ್ಣನ್ನಷ್ಟೇ ಆರಿಸಿ, ತಿರುಳು ತೆಗೆದು, ತೊಳೆದು ಒಣಗಿಸಿದ ಕೊಡಗಿನ ರೊಬಸ್ಟಾವನ್ನು ಹದವಾಗಿ ಹುರಿದರೆ ಅದರಲ್ಲಿ ಕೊಕ್ಕೊ ಬೀಜದ ಘಮ ಇರುತ್ತದೆ. ನಮ್ಮ ಮನೆಯ ಮಿಶ್ರಣದಲ್ಲಿ ಮೂರು ಪಾಲು ಅದು, ಏಳು ಪಾಲು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಕೊಡುಗೆಯಾದ ಎಸ್.795 ಎಂಬ ಅರೇಬಿಕಾ ತಳಿ. ಹುರಿದ ಹತ್ತು ದಿನಗಳವರೆಗೆ ಮುಟ್ಟುವುದಿಲ್ಲ, ಏಕೆಂದರೆ ಬೀಜದೊಳಗಿನ ಅನಿಲ ಹೊರಹೋಗದಿದ್ದರೆ ಧಾರೆ ನೊರೆನೊರೆಯಾಗಿ ಅಂಕೆಗೆ ಸಿಗುವುದಿಲ್ಲ.

ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯಂತೂ ನಮ್ಮ ಕರಾವಳಿಯ ಗಾಳಿಯಿಂದಲೇ ಹುಟ್ಟಿದ್ದು. ಹಾಯಿಹಡಗುಗಳ ಕಾಲದಲ್ಲಿ ಆಫ್ರಿಕಾವನ್ನು ಸುತ್ತಿ ತಿಂಗಳುಗಟ್ಟಲೆ ಸಾಗುತ್ತಿದ್ದ ಬೀಜ ಕಡಲಿನ ತೇವದಲ್ಲಿ ಉಬ್ಬಿ, ಬಣ್ಣ ಬಿಳಚಿ, ಹುಳಿ ಕಳೆದುಕೊಂಡು ಯುರೋಪು ತಲುಪುತ್ತಿತ್ತು, ಅಲ್ಲಿಯವರಿಗೆ ಆ ರುಚಿಯೇ ರೂಢಿಯಾಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳೂ ಬಂದು ಪ್ರಯಾಣ ಮೊಟಕಾದ ಮೇಲೆ ಆ ರುಚಿ ತಪ್ಪಿಹೋಯಿತು. ಅದನ್ನು ಮರಳಿ ಪಡೆಯಲು, ಹಣ್ಣಿನ ಸಮೇತ ಒಣಗಿಸಿ ಸಿಪ್ಪೆ ತೆಗೆದ ಬೀಜವನ್ನು ಜೂನಿನಿಂದ ಮೂರು ನಾಲ್ಕು ತಿಂಗಳು ಗಾಳಿಯಾಡುವ ಗೋದಾಮುಗಳಲ್ಲಿ ಹರಡಿ, ಕೆದಕಿ, ಸಡಿಲವಾಗಿ ಗೋಣಿಗೆ ತುಂಬಿ, ಮತ್ತೆ ಸುರುವಿ ಮಳೆಗಾಳಿಗೆ ಒಡ್ಡುತ್ತಾರೆ. ನನ್ನ ಗ್ರೈಂಡರನ್ನು ಕಾಡುವ ಆ ತೇವವೇ ಅಲ್ಲಿ ಕಸುಬಿನ ಸಾಧನ. ಉಬ್ಬಿದ ಬೀಜ ಹಗುರವಾದ್ದರಿಂದ 18 ಗ್ರಾಮಿನ ಬುಟ್ಟಿಗೆ 17 ಗ್ರಾಂ ಹಾಕಿದರೆ ಸಾಕಾಗುತ್ತದೆ. ಹುಳಿಯಿಲ್ಲದ ಆ ದಪ್ಪ ಕಾಫಿ ಹಾಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಚಿಕೋರಿ ಬೆರೆಸಿದ ಪುಡಿಯನ್ನು ಮಾತ್ರ ಈ ಯಂತ್ರಕ್ಕೆ ಹಾಕಬೇಡಿ. ನೆರೆಮನೆಯವರ ಒತ್ತಾಯಕ್ಕೆ ಒಮ್ಮೆ ಹಾಕಿದ್ದೆ, ಬಿಲ್ಲೆ ಅಂಟಾಗಿ ಒಂದು ಹನಿಯೂ ಇಳಿಯಲಿಲ್ಲ. ಆ ಪುಡಿಗೆ ಹಿತ್ತಾಳೆಯ ಫಿಲ್ಟರೇ ಸರಿಯಾದ ಜಾಗ, ನಮ್ಮ ಮನೆಯಲ್ಲಿ ಅದು ಇಂದಿಗೂ ಬೆಳಗಿನ ಮೊದಲ ಕಾಫಿಗೆ ಬಳಕೆಯಲ್ಲಿದೆ.

ಹಾಲಿನದ್ದು ಅಮ್ಮನ ಜೊತೆಗಿನ ನನ್ನ ಬಹುಕಾಲದ ಚರ್ಚೆ. ಹಬೆಯಲ್ಲಿ ನುಣ್ಣನೆಯ ನೊರೆ ಬರಬೇಕಾದರೆ ಪ್ಯಾಕೆಟ್ಟಿನ ತಣ್ಣನೆಯ ಹಾಲನ್ನೇ ಬಳಸಬೇಕು, 60ರಿಂದ 65 ಡಿಗ್ರಿಗೆ ನಿಲ್ಲಿಸಬೇಕು. ಒಮ್ಮೆ ಕುದಿಸಿ ಕೆನೆಗಟ್ಟಿದ ಹಾಲು ಆ ನಯಕ್ಕೆ ಬರುವುದಿಲ್ಲ. “ಕಾಯಿಸದ ಹಾಲನ್ನು ಕುಡಿಯಲಿಕ್ಕೆ ಉಂಟಾ?” ಎಂದು ಅಮ್ಮ ಮೊದಲ ಕೆಲವು ತಿಂಗಳು ಲೋಟ ಮುಟ್ಟಲಿಲ್ಲ. ಪಾಶ್ಚರೀಕರಣದಲ್ಲಿ ಹಾಲನ್ನು ಡೈರಿಯಲ್ಲೇ ಕಾಯಿಸಿರುತ್ತಾರೆಂದು ನಿಧಾನವಾಗಿ ತಿಳಿಹೇಳಿದ ಮೇಲೆ, ಪ್ಯಾಕೆಟ್ ಒಡೆದ ಕೂಡಲೇ ಬಳಸಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು. ಆ ಷರತ್ತನ್ನು ನಾನು ಪಾಲಿಸುತ್ತೇನೆ.

ಕೊಳ್ಳಬೇಕೆಂದಿರುವವರು ಅಂಗಡಿಗೆ ಹೋಗುವ ಮೊದಲು ನಿಮ್ಮ ನೀರನ್ನು ಪರೀಕ್ಷಿಸಿ. ಉಡುಪಿಯ ಆಸುಪಾಸಿನಲ್ಲಿದ್ದರೆ ಬಾವಿಯದ್ದೋ ನಲ್ಲಿಯದ್ದೋ ಒಂದು ಬಾಟಲಿ ನೀರು ತನ್ನಿ. ಮೀಟರೂ ಪಟ್ಟಿಗಳೂ ನನ್ನಲ್ಲಿವೆ, ಅಳೆಯಲು ಐದು ನಿಮಿಷ ಸಾಕು. ಬರುವ ಮುಂಚೆ ಫೋನ್ ಮಾಡಿದರೆ ಯಂತ್ರವನ್ನು 40 ನಿಮಿಷ ಮೊದಲೇ ಹಾಕಿಡುತ್ತೇನೆ.