ಪೈಪಿನ ಬಡಿತದ ಸದ್ದು: ಒಂದು ಸ್ಪಷ್ಟನೆ
ಗೋಡೆಯೊಳಗಿನ ಪೈಪು ಬಡಿದಂತೆ ಸದ್ದು ಮಾಡಿದರೆ ಅದು ಒಡೆಯುವ ಮುನ್ಸೂಚನೆ, ಕೂಡಲೇ ಗೋಡೆ ಒಡೆಸಬೇಕು ಎಂಬ ಮಾತು ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಇದು ಸರಿಯಲ್ಲ. ರಭಸದಿಂದ ಹರಿಯುವ ನೀರನ್ನು ನಲ್ಲಿಯಾಗಲಿ ವಾಷಿಂಗ್ ಮಷೀನಿನ ವಾಲ್ವಾಗಲಿ ತಟ್ಟನೆ ತಡೆದಾಗ, ಒತ್ತಡದ ಅಲೆಯೊಂದು ಹಿಂದಕ್ಕೆ ಅಪ್ಪಳಿಸಿ ಪೈಪನ್ನು ಅದುರಿಸುತ್ತದೆ. ಆದ್ದರಿಂದ ಸದ್ದು ಯಾವ ಕ್ಷಣದಲ್ಲಿ ಬರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಸಂಪಿನ ಮೋಟಾರು ನಿಲ್ಲಿಸಿದಾಗಲೇ ಬರುವುದಾದರೆ, ಮೇಲಿನ ಟ್ಯಾಂಕಿಗೆ ಏರುತ್ತಿದ್ದ ನೀರು ಹಿಂದಕ್ಕೆ ಇಳಿದು ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ರಪ್ಪನೆ ಮುಚ್ಚಿಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು. ಗೀಸರಿನ ಬಿಸಿನೀರು ಹರಿಯುವಾಗಿನ ಸಣ್ಣ ಟಿಕ್ ಟಿಕ್ ಸದ್ದಿಗೆ ಸಾಮಾನ್ಯವಾಗಿ ಪೈಪು ಹಿಗ್ಗುವುದೇ ಕಾರಣ. ಸಡಿಲವಾದ ಕ್ಲಾಂಪುಗಳನ್ನು ಬಿಗಿಗೊಳಿಸಿ, ನಲ್ಲಿಯನ್ನು ನಿಧಾನವಾಗಿ ಮುಚ್ಚಿ ನೋಡಿ. ಆದರೂ ಬಡಿತ ನಿಲ್ಲದಿದ್ದರೆ ಪ್ಲಂಬರನ್ನು ಕರೆಸುವುದು ಅಗತ್ಯ. ಪದೇ ಪದೇ ಬೀಳುವ ಹೊಡೆತ ಕಾಲಕ್ರಮೇಣ ಜಾಯಿಂಟುಗಳನ್ನು ಸಡಿಲಿಸಬಲ್ಲದು.